‘ಐವತ್ತು ಮಾರು’ ಅಂದರೆ ಸರಿಯಾ?

ಗೆಳೆಯರೇ,

ಒಂದು ಪದ ತಲೆ ತಿನ್ನುತ್ತಿದೆ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ನಮ್ಮ ತುಮಕೂರು, ಹಾಗಾಗಿ ಇಲ್ಲಿ ವಾಚಿನ ಹುಚ್ಚು ಹೊಸದೇನಲ್ಲ. ನನ್ನ ಹುಚ್ಚು ಮಾತ್ರ ಹಳೆಯ ಡೈವ್ ವಾಚ್‌ಗಳದ್ದು, ಅಂದರೆ ನೀರಿನಡಿ ಮುಳುಗುವವರು ಕಟ್ಟುವ ವಾಚುಗಳದ್ದು. (ಈಜು ಬರುತ್ತಾ ಅಂತ ಕೇಳಬೇಡಿ.) ಅಕ್ಕನ ಮಗನಿಗಾಗಿ ಅವುಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೆ. ಒಂದು ಹೆಸರಿಗೆ ಬಂದಾಗ ಪೆನ್ನು ನಿಂತಿತು.

1953ರಲ್ಲಿ ಬಂದ ಬ್ಲಾಂಪಾನ್ ಕಂಪನಿಯ ‘ಫಿಫ್ಟಿ ಫ್ಯಾದಮ್ಸ್’. ಫ್ರಾನ್ಸಿನ ಸೇನೆಯಲ್ಲಿ ನೀರಿನಡಿ ಕೆಲಸ ಮಾಡುವವರು ಕಟ್ಟುತ್ತಿದ್ದ ವಾಚು. ಫ್ಯಾದಮ್ ಅಂದರೆ ನೀರಿನ ಆಳದ ಅಳತೆ, ಒಂದಕ್ಕೆ 6 ಅಡಿ. ಐವತ್ತಕ್ಕೆ 300 ಅಡಿ, ಸುಮಾರು 91 ಮೀಟರ್. ಕನ್ನಡದಲ್ಲಿ ಇದಕ್ಕೆ ‘ಮಾರು’ ಅಂತ ಬರೆದೆ. ಗೆಳೆಯನೊಬ್ಬ ಓದಿ, “ಐವತ್ತು ಮಾರು? ಅಷ್ಟೊಂದು ವಾಚ್ ಯಾವಾಗ ತಗೊಂಡೆ, ಈಗ್ಯಾಕೆ ಮಾರ್ತೀಯ?” ಅಂದ!

ತಮಾಷೆ ಬಿಡಿ, ಪದ ಸರಿಯಾಗೇ ಕೂರುತ್ತೆ ಅಂತ ನನಗನಿಸುತ್ತೆ. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಮೊಳ ಒಂದೂವರೆ ಅಡಿಯಾದರೆ ಮಾರು 6 ಅಡಿ, ಎರಡೂ ಕೈ ಚಾಚಿದಷ್ಟು ಉದ್ದ. ಹಳೆಯ ಇಂಗ್ಲಿಷಿನಲ್ಲಿ ಫ್ಯಾದಮ್‌ನ ಮೂಲ ಪದಕ್ಕೂ ಚಾಚಿದ ತೋಳು ಅಂತಲೇ ಅರ್ಥ. ತಮಿಳಿನ ‘ಮಾರ್’ ಈ ಅಳತೆಯೂ ಹೌದು, ಎದೆಯೂ ಹೌದು. ತೆಲುಗಿನವರು ‘ಬಾರ’ ಅನ್ನುತ್ತಾರೆ, ಪಾವಗಡದ ಕಡೆಯವರಿಗೆ ಹೇಳಬೇಕಿಲ್ಲ.

ಎದೆ ಅಂದಾಗ ನಮ್ಮ ತಾತ ನೆನಪಾದರು. ಬಾವಿಗೆ ಹೊಸ ಹಗ್ಗ ತಂದರೆ ಎದೆಗೆ ಅಡ್ಡ ಹಿಡಿದು, ಎರಡೂ ಕೈ ಚಾಚಿ, ಒಂದೊಂದೇ ಮಾರು ಕೆಳಗೆ ಬಿಡುತ್ತಾ ಎಣಿಸುತ್ತಿದ್ದರು. ಅವರು ಕುಳ್ಳ. ಅವರ ಎಂಟು ಮಾರು ಚಿಕ್ಕಪ್ಪ ಅಳೆದರೆ ಏಳೂ ಚಿಲ್ಲರೆ ಆಗೋದು, ಇಬ್ಬರಿಗೂ ಜಗಳ. ಹಡಗಿನವರೂ ಆಳ ನೋಡಲು ಗುಂಡು ಕಟ್ಟಿದ ಹಗ್ಗ ನೀರಿಗೆ ಬಿಟ್ಟು, ಮೇಲೆಳೆಯುವಾಗ ತೋಳಲ್ಲೇ ಅಳೆಯುತ್ತಿದ್ದರು. ಕೆಲಸ ಒಂದೇ, ಅಳತೆಯೂ ಒಂದೇ.

ತೊಡಕು ಇಲ್ಲಿದೆ. ಅದೇ ಬಾವಿಯ ನೀರಿಗೆ ತಾತ ‘ಮಾರು’ ಅನ್ನುತ್ತಿರಲಿಲ್ಲ. “ಎರಡಾಳು ನೀರಿದೆ, ಹುಷಾರು” ಅನ್ನುತ್ತಿದ್ದರು. ಹಗ್ಗಕ್ಕೆ ಮಾರು, ಮುಳುಗುವ ನೀರಿಗೆ ಆಳು. ಹಾಗಿದ್ದರೆ ಮುಳುಗುವವನ ವಾಚು ‘ಐವತ್ತಾಳು’ ಆಗಬೇಕಲ್ವಾ? ಆದರೆ ಹಾಗಂದರೆ ತೋಟದ ಕೂಲಿಗೆ ಐವತ್ತು ಜನ ಬಂದ ಹಾಗಿದೆ. ಅದಕ್ಕೇ ನನ್ನ ಒಲವು ಮಾರಿನ ಕಡೆಗೆ.

ಈಗ ಊರಲ್ಲಿ ತೆರೆದ ಬಾವಿ ಬತ್ತಿವೆ. ಬೋರ್‌ವೆಲ್ ಮಾತೆಲ್ಲ ಅಡಿಯಲ್ಲೇ. ಮಾರು ಉಳಿದಿರೋದು ಹೂವಿನವರ ಬಾಯಲ್ಲಿ, ಆಮೇಲೆ ‘ಮಾರುದ್ದ ಭಾಷಣ’, ‘ಹಾವು ಕಂಡು ಮಾರು ದೂರ ಹಾರಿದ’ ಇಂಥವುಗಳಲ್ಲಿ.

ನಿಮ್ಮ ಕಡೆ ಬಾವಿ ಆಳಕ್ಕೆ ಏನಂತಾರೆ: ಮಾರಾ, ಆಳಾ, ಮಟ್ಟಾ? ಕೋಲಾರ, ಚಿಕ್ಕಬಳ್ಳಾಪುರದವರು ಮನೆಯಲ್ಲಿ ಹಿರಿಯರನ್ನು ಕೇಳಿ ಬರೆಯಿರಿ. ಹೂವಿನ ಮಾರು ನಾಲ್ಕು ಮೊಳ ಇರುತ್ತಾ ಅನ್ನೋದೂ ಬೇಕು.

ಇನ್ನೊಂದು: ಈ ವಾಚುಗಳ ಡಯಲ್ ಸುತ್ತ ತಿರುಗುವ ಬೆಝಲ್‌ಗೆ ‘ಬಳೆ’ ಅಂತ ಬರೆದಿದ್ದೇನೆ. ನೀರಿಗಿಳಿಯುವಾಗ ಅದರ ಚುಕ್ಕೆಯನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ಇಟ್ಟರೆ ಎಷ್ಟು ಹೊತ್ತಾಯಿತು ಅಂತ ಗೊತ್ತಾಗುತ್ತೆ. ಈಗಿನವು ಒಂದೇ ಕಡೆ ತಿರುಗುತ್ತವೆ, ತಾಗಿ ಜರುಗಿದರೂ ಹೊತ್ತು ಜಾಸ್ತಿಯೇ ತೋರಿಸುತ್ತೆ, ಆದ್ದರಿಂದ ಬೇಗ ಮೇಲೆ ಬರುತ್ತಾರೆ. ‘ಬಳೆ’ ನಡೆಯುತ್ತಾ, ಸುಮ್ನೆ ‘ರಿಂಗ್’ ಅನ್ನಲಾ?