ಸಹಾಯ ಬೇಕು: ಸೈಕಲ್ಲಿನ ಹ್ಯಾಂಗರ್ ಸರಿಪಡಿಸುವವರು ಯಾರಾದರೂ ಇದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಾವು ಐವರು ಗೆಳೆಯರು ಕೈಮರದಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆಗೆ ಮೌಂಟನ್ ಬೈಕ್‌ಗಳಲ್ಲಿ ಹೊರಟಿದ್ದೆವು. ಸೀತಾಳಯ್ಯನಗಿರಿ ತಲುಪುವ ಮೊದಲೇ ಎರಡು ಪಂಕ್ಚರ್ ಆದವು, ಪಂಪು ತರಬೇಕಾಗಿದ್ದವನು (ನಾನೇ) ಅದನ್ನು ಮನೆಯಲ್ಲಿ ಮರೆತಿದ್ದೆ. ಇಳಿಯುವಾಗ ಒದ್ದೆ ತಿರುವಿನಲ್ಲಿ ನಾನು ಬಲಕ್ಕೆ ಜಾರಿಬಿದ್ದುದರಿಂದ ಹಿಂದಿನ ಡಿರೇಲರನ್ನು (ಗೇರ್ ಬದಲಿಸಲು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹಿಡಿದಿರುವ ಅಲ್ಯೂಮಿನಿಯಂ ಹ್ಯಾಂಗರ್ ಒಳಕ್ಕೆ ಬಾಗಿದ್ದು, ಚೈನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಏರಿದೊಡನೆ ಡಿರೇಲರ್ ಚಕ್ರದ ಕಡ್ಡಿಗಳಿಗೆ ಟಕಟಕನೆ ತಾಗುತ್ತಿದೆ. ಫ್ರೇಮ್ ಉಳಿಯಲೆಂದೇ ಈ ತುಂಡನ್ನು ಮೆದುವಾಗಿ ಮಾಡಿರುತ್ತಾರೆ. ಆದರೆ ಒಂದು ಮಾದರಿಯದು ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಒಂದು ಅಂಗಡಿಯಲ್ಲಿ ಸುತ್ತಿಗೆಯಿಂದ ತಟ್ಟಿ ನೇರ ಮಾಡಿಕೊಡುವುದಾಗಿ ಹೇಳಿದರು. ನನಗೆ ಧೈರ್ಯ ಬರಲಿಲ್ಲ. ಚಿಕ್ಕಮಗಳೂರು ಅಥವಾ ಹಾಸನದಲ್ಲಿ ಇದನ್ನು ಸರಿಯಾದ ಉಪಕರಣದಿಂದ ನೇರಗೊಳಿಸುವವರು, ಇಲ್ಲವೇ ಹಳೆಯ ತುಂಡನ್ನು ನೋಡಿ ಹೊಸದನ್ನು ತರಿಸಿಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.