ಅಡ್ವಾನ್ಸ್ ಕೊಟ್ಟ ಅಳಿಯ

ಜಯನಗರದ ದರ್ಶಿನಿಯ ಮುಂದೆ ಬೈಟು ಕಾಫಿ ಹಿಡಿದು ನಿಂತರೆ ನಮ್ಮ ಗುಂಪು ಸಾಮಾನ್ಯವಾಗಿ ಒಂದಾದರೂ ಸರ್ಕಾರವನ್ನು ಉರುಳಿಸಿಯೇ ಮನೆಗೆ ಹೋಗುವುದು. ಈಚೆಗೆ ಆ ಕೆಲಸವೆಲ್ಲ ಬಾಕಿ ಬಿದ್ದಿದೆ. ರಾಯರ ಮನೆಯಿಂದ ಬಾಡಿಗೆ ಹುಡುಗನನ್ನು ಎಬ್ಬಿಸುವುದು ಹೇಗೆ ಎಂಬುದೊಂದೇ ಚಿಂತೆ.

ಅದು ಬೇರೆ ಮನೆಯಲ್ಲ, ರಾಯರ ಮನೆಯದೇ ಮಾಳಿಗೆಯ ಕೋಣೆ. ಮೆಟ್ಟಿಲು ನಡುಮನೆಯಿಂದಲೇ ಏರುತ್ತದೆ. ಬಾಗಿಲು ಒಂದೇ, ಸಂಪು ಒಂದೇ, ಮೋಟಾರೂ ಒಂದೇ.

"ರಾತ್ರಿ ಹನ್ನೊಂದಕ್ಕೆ ಸರಿಯಾಗಿ ನನ್ನ ತಲೆಯ ಮೇಲೆ ಕುರ್ಚಿ ಎಳೆಯುತ್ತಾನೆ. ಬೆಳಿಗ್ಗೆ ಮೋಟಾರು ಹಾಕಿ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಕೂತರೆ ಮುಗಿಯಿತು, ಟ್ಯಾಂಕು ತುಂಬಿ ತುಳಸಿಕಟ್ಟೆಯ ಮೇಲೆ ಜೋಗ್ ಜಲಪಾತ! ಮೊನ್ನೆ ತುಳಸಿ ಗಿಡ ತೇಲಿಕೊಂಡು ಗೇಟಿನವರೆಗೆ ಬಂದಿತ್ತು. ಕಾವೇರಿ ನೀರು ಬರುವುದೇ ದಿನ ಬಿಟ್ಟು ದಿನ," ಎಂದರು ರಾಯರು.

"ಕರಾರು ಪತ್ರ ಇದೆಯೇ?" ವಕೀಲರು ಲೋಟ ಕೆಳಗಿಟ್ಟರು.

"ಇದೆ. ಹನ್ನೊಂದು ತಿಂಗಳದ್ದು."

"ಊರಿನಲ್ಲಿ ಎಲ್ಲರದ್ದೂ ಹನ್ನೊಂದೇ. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಅಡ್ಡ ಬರುತ್ತದಲ್ಲ. ಮುಗಿದ ಮೇಲೆ ಹೊಸದು ಬರೆಸಿದಿರಾ?"

"ಇಲ್ಲ. ಬಾಡಿಗೆ ಒಂದನೇ ತಾರೀಖಿಗೆ ಬರುತ್ತಿತ್ತು, ಸುಮ್ಮನಿದ್ದೆ."

"ಹಾಗಾದರೆ ಅದು ತಿಂಗಳ ಬಾಡಿಗೆಯ ಲೆಕ್ಕ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸು ಸಾಕು."

"ನೋಟಿಸಿಗೂ ಜಗ್ಗದಿದ್ದರೆ?"

"ದಾವೆ ಹೂಡಬೇಕು."

"ದಾವೆ ಎಷ್ಟು ದಿನ ಹಿಡಿಯುತ್ತದೆ?"

ವಕೀಲರು ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮಗೀಗ ವಯಸ್ಸೆಷ್ಟು?" ಎಂದರು.

ಮೇಷ್ಟರಿಗೆ ಕಾಯ್ದೆ ಕಾನೂನುಗಳಲ್ಲಿ ನಂಬಿಕೆ ಕಡಿಮೆ. "ನೀರು, ಕರೆಂಟು ನಿಲ್ಲಿಸಿಬಿಡಿ," ಎಂದರು. ಹಾಗೆ ಮಾಡಿದರೆ ಪೊಲೀಸು ಠಾಣೆಗೆ ನೀವೇ ಹೋಗಬೇಕಾದೀತು ಎಂದು ವಕೀಲರು ಗದರಿದರು. ಮೇಲಾಗಿ ಟ್ಯಾಂಕು ಒಂದೇ. ಅವನಿಗೆ ನಿಲ್ಲಿಸಿದರೆ ರಾಯರೂ ಸ್ನಾನವಿಲ್ಲದೆ ಸಂಧ್ಯಾವಂದನೆಗೆ ಕೂರಬೇಕು. ಮನೆಯೊಳಗೇ ಬಾಡಿಗೆದಾರನನ್ನು ಇಟ್ಟುಕೊಂಡವರಿಗೆ ಅವನ ಮೇಲೆ ಮುನಿಸಿಕೊಳ್ಳುವ ಸೌಕರ್ಯವೂ ಇರುವುದಿಲ್ಲ ನೋಡಿ. ದೂರದ ಬಡಾವಣೆಯ ಮನೆಯಾದರೆ ಫೋನಿನಲ್ಲಿ ಕೂಗಾಡಿ ಹಗುರಾಗಬಹುದು. ಇಲ್ಲಿ ಕೂಗಾಡಿದ ಹತ್ತು ನಿಮಿಷಕ್ಕೆ ಅದೇ ಮೆಟ್ಟಿಲಲ್ಲಿ ಎದುರಾಗಿ "ಊಟ ಆಯಿತೇ?" ಎಂದು ಕೇಳಬೇಕು.

"ಅಡ್ವಾನ್ಸ್ ಕೈಗಿಟ್ಟು ಇವತ್ತೇ ಕಳುಹಿಸಿ. ಹುಡುಗರು ದುಡ್ಡು ಕಂಡರೆ ಹೊರಡುತ್ತಾರೆ," ಎಂದೆ ನಾನು.

ರಾಯರು ಕೆಮ್ಮಿದರು. ಕಾಫಿಯಲ್ಲಿ ಏನೋ ಬಿದ್ದಂತೆ ಲೋಟದೊಳಗೆ ಇಣುಕಿದರು.

"ಎಷ್ಟು ಇಸಿದುಕೊಂಡಿದ್ದಿರಿ?"

"12 ಸಾವಿರ ಬಾಡಿಗೆ. ನಮ್ಮೂರಿನ ಪದ್ಧತಿಯಂತೆ ಹತ್ತು ತಿಂಗಳದ್ದು."

"ಒಂದು ಲಕ್ಷ 20 ಸಾವಿರ! 2021ರಲ್ಲಿ ಕೇಂದ್ರ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳದ್ದು ಸಾಕು ಎಂದಿದೆ," ವಕೀಲರಿಗೆ ಹುರುಪು ಬಂತು.

"ಮಾದರಿ ಎಂದರೆ ನೋಡಿ ಸಂತೋಷಪಡುವುದಕ್ಕೆ ಸ್ವಾಮಿ," ಎಂದರು ರಾಯರು. "ಆ ದುಡ್ಡಿನಲ್ಲಿ ತಾರಸಿ ಸೋರುವುದನ್ನು ಸರಿಮಾಡಿಸಿದೆ. ಈಗ ಅವನು ತಲೆಯ ಮೇಲೆ ಕುರ್ಚಿ ಎಳೆಯುತ್ತಾನಲ್ಲ, ಅದೇ ತಾರಸಿ."

"ಬಣ್ಣಕ್ಕೆಂದು ಒಂದು ತಿಂಗಳದ್ದು ಮುರಿದುಕೊಳ್ಳಬಹುದು," ಮೇಷ್ಟರು ಸಮಾಧಾನ ಹೇಳಿದರು.

"ಉಳಿದ ಒಂಬತ್ತು ತಿಂಗಳದ್ದು ಎಲ್ಲಿಂದ ತರಲಿ? ಇನ್ನೊಬ್ಬ ಹುಡುಗನ ಅಡ್ವಾನ್ಸ್ ಬಂದರೆ ತಾನೇ ಇವನಿಗೆ ಕೊಡುವುದು? ಇವನು ಖಾಲಿ ಮಾಡಿದರೆ ತಾನೇ ಅವನು ಬರುವುದು?"

ಈ ಲೆಕ್ಕಕ್ಕೆ ಮೂವತ್ತು ವರ್ಷ ಗಣಿತ ಹೇಳಿದ ಮೇಷ್ಟರಲ್ಲೂ ಉತ್ತರವಿರಲಿಲ್ಲ.

"ಮನೆಯವರು ಏನೆನ್ನುತ್ತಾರೆ?" ಎಂದು ಕೇಳಿದೆ.

"ಅವಳೇ ಅವನ ಕಡೆ! ಅಮ್ಮ, ಅಮ್ಮ ಎಂದು ಸಿಲಿಂಡರ್ ಎತ್ತಿಕೊಡುತ್ತಾನೆ, ಇವಳು ಬಿಸಿಬೇಳೆ ಬಾತ್ ಮೇಲೆ ಕಳಿಸುತ್ತಾಳೆ, ತುಪ್ಪ ಹಾಕಿ. ನನಗೆ ಕೊಲೆಸ್ಟರಾಲ್ ಅಂತೆ, ತುಪ್ಪ ಇಲ್ಲ. ಆಗಲಿ, ಇವತ್ತು ಮನೆಗೆ ಹೋದವನೇ ನೋಟಿಸು ಬರೆಯುತ್ತೇನೆ. ವಕೀಲರೇ, ಒಕ್ಕಣೆ ಹೇಳಿ."

ವಕೀಲರು ಗಂಟಲು ಸರಿಮಾಡಿಕೊಂಡು "ಮಾನ್ಯರೇ" ಎನ್ನುವಷ್ಟರಲ್ಲಿ ರಾಯರ ಮೊಬೈಲ್ ಬಡಿದುಕೊಂಡಿತು. ಆ ಕಡೆಯ ದನಿ ನಮಗೂ ಕೇಳಿಸಿತು: "ಅಂಕಲ್, ಬರುವಾಗ ಕೊತ್ತಂಬರಿ ಸೊಪ್ಪು ತರಬೇಕಂತೆ, ಅಮ್ಮ ಹೇಳಿದರು."

ರಾಯರು ನಮ್ಮ ಕಡೆ ಬೆನ್ನು ತಿರುಗಿಸಿ, ದನಿ ತಗ್ಗಿಸಿ ಕೇಳಿದರು: "ನಾಟಿಯೋ, ಫಾರಮ್ಮಿನದೋ?"