ಸಹಾಯ ಬೇಕು: ದಿನದ ಓಡಾಟಕ್ಕೆ ಡೀಸೆಲ್ ಕಾರಾ, ಪೆಟ್ರೋಲ್ ಕಾರಾ?

ಎಲ್ಲರಿಗೂ ನಮಸ್ಕಾರ. ಹೊಸ ಕಾರು ತಗೋಬೇಕು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಇಂಜಿನ್ ಯಾವುದು ಅನ್ನೋದೇ ಬಗೆಹರಿಯುತ್ತಿಲ್ಲ. ನನ್ನ ಓಡಾಟ ಹೆಚ್ಚಾಗಿ ಊರೊಳಗೇ: ಆಫೀಸು, ಮಕ್ಕಳ ಶಾಲೆ. ಹೆದ್ದಾರಿಗೆ ಹೋಗುವುದು ಅಪರೂಪ.

ಡೀಸೆಲ್ ಕಾರಿನ ಎಳೆತ ನನಗೆ ತುಂಬಾ ಇಷ್ಟ. ಕಡಿಮೆ ಆರ್‌ಪಿಎಂನಲ್ಲೇ (ಇಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ) ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಸಿಗುತ್ತದೆ, ಕಾರು ತುಂಬಿದ್ದರೂ ಏರಿನಲ್ಲಿ ಪದೇ ಪದೇ ಗೇರ್ ಇಳಿಸಬೇಕಿಲ್ಲ. ಮೈಲೇಜೂ ಜಾಸ್ತಿ. ಭಯ ಇರುವುದು ಡಿಪಿಎಫ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್) ಬಗ್ಗೆ. ಹೊಗೆಯ ಮಸಿ ಹಿಡಿಯುವ ಈ ಫಿಲ್ಟರ್ ಆ ಮಸಿಯನ್ನು ಸುಟ್ಟುಕೊಂಡು ಸ್ವಚ್ಛವಾಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಗಾಡಿಯಲ್ಲಿ ಇಂಜಿನ್ ಸರಿಯಾಗಿ ಕಾಯುವಷ್ಟರಲ್ಲೇ ಆಫ್ ಮಾಡಿರುತ್ತೇವೆ, ಅಲ್ವಾ? ಮಸಿ ಅಲ್ಲೇ ಕೂರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಮಸಿ ಸುಡಲು ಇಂಜಿನ್ ಹೆಚ್ಚುವರಿಯಾಗಿ ಚಿಮ್ಮಿಸುವ ಡೀಸೆಲ್ ಇಂಜಿನ್ ಆಯಿಲ್‌ಗೆ ಬೆರೆತು ಆಯಿಲ್ ಮಟ್ಟ ಏರುವುದೂ ಉಂಟು.

ಪೆಟ್ರೋಲ್‌ನಲ್ಲಿ ಈ ತಲೆನೋವು ಅಷ್ಟಿಲ್ಲ, ಸದ್ದೂ ಕಡಿಮೆ. ಸದ್ಯಕ್ಕೆ ಮನಸ್ಸು ಆ ಕಡೆಗೇ ವಾಲಿದೆ.

ಊರೊಳಗೇ ಡೀಸೆಲ್ ಓಡಿಸುವವರು ದಯವಿಟ್ಟು ಹೇಳಿ: ಆ ದೀಪ ಎಷ್ಟು ಸಲ ಕಾಣಿಸಿದೆ? ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಸಾಕಾ? ಟರ್ಬೊ ಪೆಟ್ರೋಲ್ ಕಾರು (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇರುವುದು) ಇಟ್ಟುಕೊಂಡವರೇ, ಟ್ರಾಫಿಕ್‌ನಲ್ಲಿ ನಿಜವಾಗಿ ಸಿಗುವ ಮೈಲೇಜ್ ಎಷ್ಟು? ಈ ತಿಂಗಳೊಳಗೆ ಬುಕ್ ಮಾಡಬೇಕು.